ವಜಾ ಆದ ಜನರಲ್ಲನ ಕೈಗೆ ರಕ್ಷಣೆಯ ಕೀಲಿಕೈ

೨೦೨೫ರ ಜನವರಿ ೨೬ರಂದು ದೆಹಲಿಯ ಕರ್ತವ್ಯಪಥದಲ್ಲಿ ಗಣರಾಜ್ಯೋತ್ಸವದ ಮೆರವಣಿಗೆ ನಡೆದಾಗ ಮುಖ್ಯ ಅತಿಥಿಯ ಪೀಠದಲ್ಲಿ ಕುಳಿತಿದ್ದವರು ಇಂಡೋನೇಷ್ಯದ ರಾಷ್ಟ್ರಾಧ್ಯಕ್ಷ ಜನರಲ್ ಪ್ರಬೋವೊ ಸುಬಿಯಾಂತೊ. ೧೯೫೦ರಲ್ಲಿ ನಮ್ಮ ಮೊದಲನೆಯ ಗಣರಾಜ್ಯೋತ್ಸವಕ್ಕೆ ಅತಿಥಿಯಾಗಿ ಬಂದವರು ಅದೇ ದೇಶದ ಸುಕರ್ಣೊ. ಡಚ್ಚರ ಸೆರೆಮನೆಯಲ್ಲಿ ಕುಳಿತೆದ್ದು ಬಂದ ಸುಕರ್ಣೊ ಕುಳಿತ ಪೀಠದಲ್ಲಿ ಎಪ್ಪತ್ತೈದು ವರ್ಷಗಳ ಮೇಲೆ ಕುಳಿತವರು ಯಾರು? ಔತಣವೇನು, ಒಪ್ಪಂದವೇನು, ಕ್ಷಿಪಣಿಯ ಮಾತುಕತೆಯೇನು ಎಂಬುದನ್ನೆಲ್ಲ ದೊಡ್ಡ ಪತ್ರಿಕೆಗಳು ಬರೆದವು. ಈ ಮಹನೀಯರು ೧೯೯೮ರಲ್ಲಿ ತಮ್ಮದೇ ಸೈನ್ಯದಿಂದ ಹೊರದಬ್ಬಲ್ಪಟ್ಟವರು, ಹೊರದಬ್ಬಿಸಿಕೊಂಡವರೇ ೨೦೧೯ರಲ್ಲಿ ಆ ಸೈನ್ಯದ ಮೇಲಿನ ಮಂತ್ರಿಯಾದವರು ಎಂಬ ಮಾತು ಮಾತ್ರ ಆ ಪುಟಗಳಲ್ಲಿ ಎಲ್ಲೋ ಮೂಲೆಯಲ್ಲಿ ಬಿತ್ತು. ಆದುದರಿಂದ ಅದನ್ನು ನಾವು ಇಲ್ಲಿ ಹೇಳಬೇಕಾಗಿದೆ.

ಇಂಡೋನೇಷ್ಯ ದೂರದ ದೇಶ, ಅಲ್ಲಿಯ ಜನರಲ್ಲನ ಗೊಡವೆ ನಮಗೇಕೆ ಎಂದು ಪಾಳಿ ಮುಗಿಸಿ ಬಂದ ಗಿರಣಿ ಬಂಧುಗಳೂ, ಅಂಗಡಿಯ ಕಿರ್ದಿ-ಖಾತೆ ಮುಚ್ಚಿ ಪತ್ರಿಕೆ ಕೈಗೆತ್ತಿಕೊಂಡ ವರ್ತಕ ಮಿತ್ರರೂ ಕೇಳಬಹುದು. ಸ್ವಲ್ಪ ತಾಳಿ. ಈ ಕಥೆಯಲ್ಲಿ ಗಿರಣಿಯೂ ಬರುತ್ತದೆ, ಸುಟ್ಟ ಅಂಗಡಿಯೂ ಬರುತ್ತದೆ.

ಮೊದಲು ಮನೆತನದ ಮಾತು. ಪ್ರಬೋವೊ ಹುಟ್ಟಿದ್ದು ೧೯೫೧ರಲ್ಲಿ, ಬಡವರ ಮನೆಯಲ್ಲಲ್ಲ. ತಾತ ಸ್ವತಂತ್ರ ಇಂಡೋನೇಷ್ಯದ ಮೊದಲ ಸರಕಾರಿ ಬ್ಯಾಂಕಿನ ಸ್ಥಾಪಕರು. ತಂದೆ ಸುಮಿತ್ರೊ ಜೊಯೊಹಾದಿಕುಸುಮೊ ಹೆಸರಾಂತ ಅರ್ಥಶಾಸ್ತ್ರಜ್ಞರು, ಇಂಡೋನೇಷ್ಯದ ಸಮಾಜವಾದಿ ಪಕ್ಷದವರು. ಅದೇ ಪಕ್ಷದ ನಾಯಕ ಸುತಾನ್ ಶಹರೀರ್ ೧೯೫೩ರಲ್ಲಿ ರಂಗೂನಿನಲ್ಲಿ ಸೇರಿದ ಏಷ್ಯಾ ಸಮಾಜವಾದಿ ಸಮ್ಮೇಳನದಲ್ಲಿ ನಮ್ಮ ದೇಶದ ಸಮಾಜವಾದಿಗಳ ಜೊತೆ ಕುಳಿತವರು. ಹೀಗಿರುವಾಗ ಸಮಾಜವಾದಿಯ ಮಗನಲ್ಲವೇ ಎಂದು ಯಾರೂ ಮರುಳಾಗಬೇಕಾಗಿಲ್ಲ. ಸುಕರ್ಣೊ ಸರಕಾರದ ವಿರುದ್ಧ ಎದ್ದ ದಂಗೆಯಲ್ಲಿ ಸೇರಿ ದೇಶ ಬಿಟ್ಟಿದ್ದ ಸುಮಿತ್ರೊ, ಜನರಲ್ ಸುಹಾರ್ತೊ ಗದ್ದುಗೆ ಹಿಡಿದ ಮೇಲೆ ಮರಳಿ ಬಂದು ೧೯೬೮ರಲ್ಲಿ ಅವರ ವಾಣಿಜ್ಯ ಮಂತ್ರಿಯಾದರು. ೧೯೬೫-೬೬ರಲ್ಲಿ ಲಕ್ಷಾಂತರ ಕಮ್ಯುನಿಸ್ಟರನ್ನೂ, ರೈತಸಂಘ ಕಾರ್ಮಿಕಸಂಘಗಳ ಸಾಮಾನ್ಯ ಸದಸ್ಯರನ್ನೂ ಕೊಲ್ಲಿಸಿ ಕಟ್ಟಿದ ಗದ್ದುಗೆ ಅದು. ಸಮಾಜವಾದವನ್ನು ಪುಸ್ತಕದಲ್ಲಿ ಓದಿದವರು ಅಧಿಕಾರದ ಬಾಗಿಲು ತೆರೆದೊಡನೆ ಪುಸ್ತಕ ಮಡಿಚಿಡುತ್ತಾರೆಂಬುದಕ್ಕೆ ಇದೊಂದು ಉದಾಹರಣೆ. ಇಂಥವರು ನಮ್ಮಲ್ಲೂ ಕಡಿಮೆಯಿಲ್ಲ.

ಮಗ ೧೯೭೪ರಲ್ಲಿ ಮಗೆಲಾಂಗಿನ ಸೈನಿಕ ಶಾಲೆಯಿಂದ ಹೊರಬಂದರು. ಮರುವರ್ಷದ ಡಿಸೆಂಬರಿನಲ್ಲಿ ಇಂಡೋನೇಷ್ಯದ ಸೈನ್ಯ ಪುಟ್ಟ ಪೂರ್ವ ತಿಮೋರಿನ ಮೇಲೆ ಬಿತ್ತು. ನಿನ್ನೆಯವರೆಗೆ ತಾನೇ ವಸಾಹತಾಗಿದ್ದ ದೇಶ ನೆರೆಯ ನಾಡನ್ನು ವಸಾಹತು ಮಾಡಿಕೊಂಡಿತು. ಅಲ್ಲಿ ಯುವ ಅಧಿಕಾರಿ ಪ್ರಬೋವೊ ವಿಶೇಷ ದಳಗಳಲ್ಲಿ ಮತ್ತೆ ಮತ್ತೆ ಕೆಲಸ ಮಾಡಿದರು. ಆ ನಾಡಿನ ನಾಯಕ ನಿಕೊಲಾವ್ ಲೊಬಾತೊ ೧೯೭೮ರ ಡಿಸೆಂಬರ್ ಕೊನೆಯ ದಿನ ಹತರಾದ ಕಾರ್ಯಾಚರಣೆಯಲ್ಲಿ ಅವರಿದ್ದರು. ಇಪ್ಪತ್ತನಾಲ್ಕು ವರ್ಷಗಳ ಆ ಆಕ್ರಮಣದಲ್ಲಿ ಕೊಲೆಯಿಂದಲೂ ಹಸಿವಿನಿಂದಲೂ ಕನಿಷ್ಠ ಒಂದು ಲಕ್ಷ ಜನ ಸತ್ತರೆಂದು ತಿಮೋರಿನ ಸತ್ಯಶೋಧನಾ ಆಯೋಗ ಲೆಕ್ಕ ಹಾಕಿತು. ಅಂದಿನ ಅಲ್ಲಿಯ ಜನಸಂಖ್ಯೆ ಏಳು ಲಕ್ಷವನ್ನೂ ಮುಟ್ಟಿರಲಿಲ್ಲವೆಂಬುದನ್ನು ನೆನಪಿಟ್ಟುಕೊಳ್ಳಿ.

೧೯೮೩ರಲ್ಲಿ ಪ್ರಬೋವೊ ಸುಹಾರ್ತೊ ಅವರ ಮಗಳನ್ನು ಮದುವೆಯಾದರು. ಅಲ್ಲಿಂದ ಮುಂದೆ ಬಡ್ತಿಯ ಮೆಟ್ಟಿಲುಗಳು ತಾವಾಗಿಯೇ ಕಾಲಿಗೆ ಬಂದವು. ೧೯೯೫ರ ಕೊನೆಗೆ ವಿಶೇಷ ದಳ ಕೊಪಾಸ್ಸುಸ್‌ಗೆ ದಳಪತಿ. ೧೯೯೮ರ ಮಾರ್ಚಿನಲ್ಲಿ ಲೆಫ್ಟೆನೆಂಟ್ ಜನರಲ್, ಸೈನ್ಯದ ಮೀಸಲು ಪಡೆ ಕೊಸ್ತ್ರಾದ್‌ನ ಅಧಿಪತಿ. ಆಗ ವಯಸ್ಸು ನಲವತ್ತಾರು. ನಮ್ಮ ಗಿರಣಿಗಳಲ್ಲಿ ಮಾಲೀಕನ ಅಳಿಯ ಒಮ್ಮೆಗೇ ಮ್ಯಾನೇಜರಾಗಿ ಬಂದು ಕೂರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ೧೯೯೭-೯೮ಕ್ಕೆ ಬರೋಣ. ಡಾಲರಿಗೆ ಸುಮಾರು ೨,೪೦೦ ಇದ್ದ ಅಲ್ಲಿಯ ರೂಪಿಯಾ ಕೆಲವೇ ತಿಂಗಳಲ್ಲಿ ೧೫,೦೦೦ ದಾಟಿ ಕುಸಿಯಿತು. ಅಕ್ಕಿ, ಎಣ್ಣೆ, ಹಾಲಿನ ಪುಡಿ ಬಡವರ ಕೈಗೆಟುಕದಾದವು. ಗಿರಣಿಗಳು ಮುಚ್ಚಿದವು. ಮೂವತ್ತೆರಡು ವರ್ಷ ಆಳಿದ ಸುಹಾರ್ತೊ ಇಳಿಯಲಿ ಎಂದು ವಿದ್ಯಾರ್ಥಿಗಳೂ ಕಾರ್ಮಿಕರೂ ಬೀದಿಗೆ ಬಂದರು. ಆಗ ಒಬ್ಬೊಬ್ಬರಾಗಿ ತರುಣ ಕಾರ್ಯಕರ್ತರು ಕಾಣೆಯಾಗತೊಡಗಿದರು. ಹಿಡಿದೊಯ್ದವರು ಪೊಲೀಸರಲ್ಲ, ಕೊಪಾಸ್ಸುಸ್ ದಳದೊಳಗಿನ ‘ಗುಲಾಬಿ ತಂಡ’ ಎಂಬ ಹೆಸರಿನ ಗುಂಪು. ಗುಲಾಬಿ! ಹೆಸರಿಗೇನೂ ಬಡತನವಿರಲಿಲ್ಲ. ಮಾನವ ಹಕ್ಕುಗಳ ಸಂಘಟನೆಗಳ ಲೆಕ್ಕದಂತೆ ಹೀಗೆ ಅಪಹೃತರಾದವರು ೨೩ ಮಂದಿ. ೯ ಮಂದಿ ಜೀವಂತ ಮರಳಿದರು. ಒಬ್ಬ ಹೆಣವಾಗಿ ಸಿಕ್ಕ. ೧೩ ಮಂದಿ ಇಂದಿಗೂ ಮನೆಗೆ ಬಂದಿಲ್ಲ.

ಆ ಹದಿಮೂವರಲ್ಲಿ ಒಬ್ಬ ವಿಜಿ ತುಕುಲ್, ಸೋಲೊ ಪಟ್ಟಣದ ಸೈಕಲ್ ರಿಕ್ಷಾ ತುಳಿಯುವವನ ಮಗ, ಕಾರ್ಮಿಕರ ಕವಿ. ಸೋಲೊ ಬಳಿಯ ಸ್ರಿತೆಕ್ಸ್ ಬಟ್ಟೆ ಗಿರಣಿಯಲ್ಲಿ ೧೯೯೫ರಲ್ಲಿ ನಡೆದ ಮುಷ್ಕರದಲ್ಲಿ ಕಾರ್ಮಿಕರ ಜೊತೆ ನಿಂತು ಏಟು ತಿಂದು ಕಣ್ಣಿಗೆ ಪೆಟ್ಟು ಮಾಡಿಕೊಂಡವನು. ನೂಲುವವರ ಪರವಾಗಿ ಮಾತನಾಡಿದ ಆ ಬಾಯಿಯನ್ನು ಯಾರು ಮುಚ್ಚಿಸಿದರು, ಆ ದೇಹವನ್ನು ಎಲ್ಲಿ ಹೂತರು ಎಂಬುದನ್ನು ಹೇಳಬಲ್ಲವರು ಇನ್ನೂ ಬಾಯಿ ಬಿಟ್ಟಿಲ್ಲ.

೧೯೯೮ರ ಮೇ ೧೨ರಂದು ಜಕಾರ್ತದ ತ್ರಿಸಕ್ತಿ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದರು. ಮರುದಿನದಿಂದ ನಗರ ಹೊತ್ತಿ ಉರಿಯಿತು. ಚೀನೀ ಮೂಲದ ವರ್ತಕರ ಅಂಗಡಿಗಳನ್ನು ಹುಡುಕಿ ಹುಡುಕಿ ಲೂಟಿ ಮಾಡಿ ಬೆಂಕಿಯಿಟ್ಟರು. ಅವರ ಹೆಣ್ಣುಮಕ್ಕಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಸತ್ತವರು ಸಾವಿರಕ್ಕೂ ಮಿಕ್ಕು. ಬಹುಪಾಲು ಜನ ಉರಿಯುವ ಮಳಿಗೆಗಳೊಳಗೆ ಸಿಕ್ಕಿಬಿದ್ದ ಬಡವರೇ. ರಾಜಧಾನಿಯ ತುಂಬ ಸೈನ್ಯವಿದ್ದರೂ ದಿನಗಟ್ಟಲೆ ತಡೆಯುವವರು ಕಾಣಲಿಲ್ಲ. ಉಪ್ಪು ಬೇಳೆ ಮಾರಿ, ಉದ್ರಿ ಕೊಟ್ಟು, ಸಾಲ ಕಟ್ಟಿ ಬದುಕುವ ಚಿಕ್ಕ ಅಂಗಡಿಯವನನ್ನು ‘ಪರಕೀಯ’ ಎಂದು ತೋರಿಸಿ, ಜನರ ಹೊಟ್ಟೆಯ ಕಿಚ್ಚನ್ನು ಅವನ ಮೇಲೆ ತಿರುಗಿಸುವುದು ಆಳುವವರ ಹಳೆಯ ವಿದ್ಯೆ. ಬೆಲೆಯೇರಿಕೆಗೆ ಕಾರಣರಾದವರ ಬಂಗಲೆಗೆ ಆ ಬೆಂಕಿ ತಾಕುವುದು ಅಪರೂಪ. ಸರಕಾರವೇ ನೇಮಿಸಿದ ಜಂಟಿ ಸತ್ಯಶೋಧನಾ ತಂಡ, ಮೇ ೧೪ರಂದು ಕೊಸ್ತ್ರಾದ್ ಕಚೇರಿಯಲ್ಲಿ ನಡೆದ ಸಭೆಯ ಬಗ್ಗೆ ತನಿಖೆಯಾಗಲಿ, ಪ್ರಬೋವೊ ಪಾತ್ರವೇನೆಂದು ತಿಳಿಯಲಿ ಎಂದು ಶಿಫಾರಸು ಮಾಡಿತು. ದಂಗೆಯನ್ನು ತಾನು ಎಬ್ಬಿಸಲಿಲ್ಲವೆಂದು ಜನರಲ್ ಸಾಹೇಬರು ಎಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಹಾಗಿದ್ದರೆ ವಿಚಾರಣೆಯೇ ಅವರಿಗೆ ನಿರಪರಾಧಿಯೆಂಬ ಪ್ರಮಾಣಪತ್ರ ಕೊಡುತ್ತಿತ್ತಲ್ಲವೆ? ಆ ವಿಚಾರಣೆ ನಡೆಯಲಿಲ್ಲ.

ಮೇ ೨೧ಕ್ಕೆ ಮಾವ ರಾಜೀನಾಮೆ ಕೊಟ್ಟರು. ಮರುದಿನವೇ ಅಳಿಯನ ಕೈಯಿಂದ ಕೊಸ್ತ್ರಾದ್ ಹೋಯಿತು. ಆಗಸ್ಟಿನಲ್ಲಿ ಸೈನ್ಯದ ಅಧಿಕಾರಿಗಳ ಗೌರವ ಮಂಡಳಿ ಅಪಹರಣದ ವಿಷಯವನ್ನು ವಿಚಾರಿಸಿ, ಪ್ರಬೋವೊ ಸೇವೆಯಲ್ಲಿರಲು ಯೋಗ್ಯರಲ್ಲವೆಂದು ಕಂಡು ಹೊರಕಳಿಸಲು ಶಿಫಾರಸು ಮಾಡಿತು. ಇದನ್ನು ಹೇಳಿದವರು ಸಮಾಜವಾದಿಗಳಲ್ಲ, ವಿದ್ಯಾರ್ಥಿಗಳಲ್ಲ. ಅವರ ಜೊತೆ ಸಮವಸ್ತ್ರ ತೊಟ್ಟ ಜನರಲ್ಲರು! ಆದರೆ ನ್ಯಾಯಾಲಯದ ಕಟಕಟೆಗೆ ಯಾರು ಹೋದರು? ೧೯೯೯ರಲ್ಲಿ ಸೈನಿಕ ನ್ಯಾಯಾಲಯ ಕೊಪಾಸ್ಸುಸ್‌ನ ೧೧ ಮಂದಿ ಕೆಳಗಿನವರಿಗೆ ಶಿಕ್ಷೆ ವಿಧಿಸಿತು. ಎಲ್ಲಕ್ಕಿಂತ ದೊಡ್ಡ ಶಿಕ್ಷೆ ೨೨ ತಿಂಗಳು. ಹದಿಮೂರು ಜೀವಗಳಿಗೆ ಇಪ್ಪತ್ತೆರಡು ತಿಂಗಳು! ಅಪ್ಪಣೆ ಕೊಡುವ ಸ್ಥಾನದಲ್ಲಿದ್ದವರು ಜೋರ್ಡಾನಿಗೆ ಹೋದರು. ಯಂತ್ರ ಕೆಟ್ಟರೆ ಎಣ್ಣೆ ಹಾಕುವ ಹುಡುಗನಿಗೆ ದಂಡ ಹಾಕಿ, ಕೆಟ್ಟ ಯಂತ್ರ ಕೊಂಡ ಸಾಹೇಬನನ್ನು ಬಿಟ್ಟಂತಾಯಿತು.

ಮರಳಿ ಬಂದ ಮೇಲೆ ಜನರಲ್ ಸಾಹೇಬರು ವ್ಯಾಪಾರಕ್ಕಿಳಿದರು. ಸೋದರ ಹಾಶಿಂ ಮೊದಲೇ ಕೋಟ್ಯಧೀಶ. ಬೋರ್ನಿಯೊ ದ್ವೀಪದಲ್ಲಿ ದೊಡ್ಡದೊಂದು ಕಾಗದ ತಿರುಳಿನ ಗಿರಣಿ ಕೈಗೆ ಬಂತು. ೨೦೧೪ರ ಮೊದಲಲ್ಲಿ ಆ ಗಿರಣಿಯ ಕೆಲಸಗಾರರು ತಿಂಗಳುಗಟ್ಟಲೆ ಬಟವಾಡೆಯಾಗಿಲ್ಲವೆಂದು ಬೀದಿಗೆ ಬಂದರು. ಅದೇ ವರ್ಷ ಅವರ ಧಣಿ ದೇಶದ ಅಧ್ಯಕ್ಷತೆಗೆ ನಿಂತಿದ್ದರು, ಬಡವರ ಉದ್ಧಾರಕನೆಂಬ ಘೋಷಣೆಯೊಂದಿಗೆ! ೨೦೦೮ರಲ್ಲೇ ಸ್ವಂತ ಪಕ್ಷ ಗೆರಿಂದ್ರ ಕಟ್ಟಿದ್ದಾಗಿತ್ತು. ೨೦೦೯ರಲ್ಲಿ ಉಪಾಧ್ಯಕ್ಷತೆಗೆ ನಿಂತು ಸೋತರು. ೨೦೧೪ರಲ್ಲಿಯೂ ೨೦೧೯ರಲ್ಲಿಯೂ ಅಧ್ಯಕ್ಷತೆಗೆ ನಿಂತು ಜೊಕೊ ವಿದೊದೊ ಎದುರು ಸೋತರು. ಜನ ಮೂರು ಸಲ ಬೇಡವೆಂದರು.

ಜನ ಕೊಡದುದನ್ನು ಕೊಟ್ಟವರು ಯಾರು? ಗೆದ್ದ ಜೊಕೊ ವಿದೊದೊ ಅವರೇ. ಈ ಜೊಕೊವಿ ಸೈನಿಕರಲ್ಲ, ಜಮೀನುದಾರರಲ್ಲ. ಸೋಲೊ ಪಟ್ಟಣದ ಮರದ ಸಾಮಾನಿನ ವ್ಯಾಪಾರಿ. ಕಾಣೆಯಾದ ಕವಿಯ ಊರಿನವರೇ. ಹಳೆಯ ಮಾನವ ಹಕ್ಕು ಪ್ರಕರಣಗಳನ್ನು ಇತ್ಯರ್ಥ ಮಾಡುತ್ತೇನೆಂದು ೨೦೧೪ರಲ್ಲಿ ಮಾತು ಕೊಟ್ಟು ಓಟು ಪಡೆದವರು. ಅವರು ೨೦೧೯ರ ಅಕ್ಟೋಬರಿನಲ್ಲಿ, ಸೋತ ಎದುರಾಳಿಯನ್ನು ಕರೆದು ರಕ್ಷಣಾಮಂತ್ರಿ ಪದವಿಯಲ್ಲಿ ಕೂರಿಸಿದರು. ರಾಜಿ, ಐಕ್ಯ, ಸ್ಥಿರತೆ ಎಂಬ ಒಳ್ಳೊಳ್ಳೆಯ ಮಾತುಗಳು ಆಗ ಕೇಳಿಬಂದವು. ಯಾರ ನಡುವಿನ ರಾಜಿ? ಕಾಣೆಯಾದವರ ತಾಯಂದಿರನ್ನು ಯಾರಾದರೂ ಆ ರಾಜಿಗೆ ಕರೆದಿದ್ದರೆ? ಸೈನ್ಯದ ಕಡತಗಳಿರುವ ಕಪಾಟಿನ ಕೀಲಿಕೈಯನ್ನು, ಆ ಕಡತಗಳಲ್ಲಿ ಹೆಸರಿರುವವರ ಸೊಂಟಕ್ಕೇ ಕಟ್ಟಿದರು. ನಮ್ಮ ಆಕ್ಷೇಪಣೆಯ ಮುಖ್ಯ ಅಂಶ ಇದೇ. ಬಂದೂಕಿನಿಂದ ಬಂದ ಸರ್ವಾಧಿಕಾರಿಯನ್ನು ಜನ ಗುರುತಿಸುತ್ತಾರೆ. ಓಟಿನಿಂದ ಗೆದ್ದ ನಾಗರಿಕ ನಾಯಕನೇ ಬಾಗಿಲು ತೆರೆದು ಒಳಗೆ ಕರೆದವನನ್ನು ಗುರುತಿಸುವುದು ಕಷ್ಟ.

ಮಂತ್ರಿಗಿರಿಯ ಐದು ವರ್ಷಗಳಲ್ಲಿ ನಡೆದದ್ದೇನು? ೨೦೨೨ರಲ್ಲಿ ಫ್ರಾನ್ಸಿನಿಂದ ೪೨ ರಫೇಲ್ ವಿಮಾನಗಳ ಖರೀದಿಗೆ ಒಪ್ಪಂದವಾಯಿತು. ಬೆಲೆ ಸುಮಾರು ೮೧೦ ಕೋಟಿ ಡಾಲರ್. ಕತಾರ್ ದೇಶ ಬಳಸಿ ಬಿಟ್ಟ ೧೨ ಹಳೆಯ ಮಿರಾಜ್ ವಿಮಾನಗಳನ್ನು ೭೯ ಕೋಟಿ ಡಾಲರಿಗೆ ಕೊಳ್ಳಲು ಹೊರಟು, ಬೊಕ್ಕಸದಲ್ಲಿ ಹಣ ಸಾಲದೆ ಚುನಾವಣೆಯ ಮುಂಚೆ ಕೈಬಿಟ್ಟರು. ಇನ್ನೊಂದು ವಿಚಿತ್ರ: ಮರಗೆಣಸು ಬೆಳೆಯುವ ಕೆಲಸವನ್ನೂ ರಕ್ಷಣಾ ಇಲಾಖೆಗೆ ವಹಿಸಿದರು. ಮಧ್ಯ ಕಾಲಿಮಂತನ್ ಪ್ರಾಂತದಲ್ಲಿ ಸುಮಾರು ೬೦೦ ಹೆಕ್ಟೇರು ಕಾಡು ಕಡಿದು ಗೆಣಸು ನೆಟ್ಟರು. ಬೆಳೆ ಕೈಗೆ ಹತ್ತಲಿಲ್ಲ, ಹೋದ ಕಾಡು ಬರಲಿಲ್ಲ. ಗದ್ದೆಯಲ್ಲಿ ರೈತನಿಗಿಂತ ಸಿಪಾಯಿಗೆ ಹೆಚ್ಚು ತಿಳಿಯುತ್ತದೆಂಬ ಭ್ರಮೆ ಹುಟ್ಟಿದ ದೇಶದಲ್ಲಿ ಕಾರಖಾನೆಯಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿಯೂ ಅದೇ ಭ್ರಮೆ ಹುಟ್ಟಲು ತಡವಾಗುವುದಿಲ್ಲ.

೨೦೨೩ರ ಜನವರಿಯಲ್ಲಿ ಅಧ್ಯಕ್ಷ ಜೊಕೊವಿ ದೇಶದ ಚರಿತ್ರೆಯಲ್ಲಿ ೧೨ ಘೋರ ಮಾನವ ಹಕ್ಕು ಉಲ್ಲಂಘನೆಗಳು ನಡೆದಿವೆಯೆಂದು ಒಪ್ಪಿಕೊಂಡು ವಿಷಾದ ಸೂಚಿಸಿದರು. ೧೯೯೭-೯೮ರ ಅಪಹರಣಗಳೂ, ಮೇ ತಿಂಗಳ ದಂಗೆಯೂ ಆ ಹನ್ನೆರಡರಲ್ಲಿದ್ದವು. ಒಂದು ವರ್ಷ ಕಳೆಯಿತು. ೨೦೨೪ರ ಫೆಬ್ರವರಿ ೨೮ರಂದು ಅದೇ ಅಧ್ಯಕ್ಷರು ಅದೇ ಪ್ರಬೋವೊ ಅವರ ಭುಜಕ್ಕೆ ನಾಲ್ಕು ನಕ್ಷತ್ರ ಹಚ್ಚಿ ಗೌರವ ಜನರಲ್ ಪದವಿ ಕೊಟ್ಟರು! ಬಲಗೈಯಿಂದ ಅಪರಾಧ ಒಪ್ಪಿ ಎಡಗೈಯಿಂದ ಬಹುಮಾನ ಕೊಡುವ ಈ ನಾಟಕಕ್ಕೆ ಕಾರಣವೂ ಗುಟ್ಟಿನದಲ್ಲ. ಪ್ರಬೋವೊ ಅವರ ಉಪಾಧ್ಯಕ್ಷ ಅಭ್ಯರ್ಥಿ ಜೊಕೊವಿಯ ಮಗ ಜಿಬ್ರಾನ್. ನಲವತ್ತು ತುಂಬದ ಆತ ನಿಲ್ಲುವಂತಿರಲಿಲ್ಲ. ೨೦೨೩ರ ಅಕ್ಟೋಬರಿನಲ್ಲಿ ಸಂವಿಧಾನ ನ್ಯಾಯಾಲಯ ದಾರಿ ಮಾಡಿಕೊಟ್ಟಿತು. ಅದರ ಮುಖ್ಯ ನ್ಯಾಯಾಧೀಶರು ಹುಡುಗನ ಸೋದರತ್ತೆಯ ಗಂಡ.

ನಮ್ಮ ಎದುರಾಳಿಗಳು ಹೇಳುವ ಮಾತನ್ನೂ ಕೇಳೋಣ. ‘೨೦೨೪ರಲ್ಲಿ ನೂರಕ್ಕೆ ಐವತ್ತೆಂಟಕ್ಕೂ ಹೆಚ್ಚು ಜನ ಅವರಿಗೇ ಓಟು ಕೊಟ್ಟಿದ್ದಾರೆ. ಅಂದು ಅಪಹೃತರಾಗಿ ಬದುಕಿ ಬಂದವರಲ್ಲೇ ಕೆಲವರು ಇಂದು ಅವರ ಪಕ್ಷದಲ್ಲೂ ಸರಕಾರದಲ್ಲೂ ಇದ್ದಾರೆ. ಅವರೇ ಕ್ಷಮಿಸಿರುವಾಗ ನಿಮ್ಮದೇನು?’ ಎನ್ನುತ್ತಾರೆ. ಓಟಿನ ಸಂಖ್ಯೆ ನಿಜ. ಅಪಹೃತರಾಗಿದ್ದ ಮುಗಿಯಾಂತೊ ಇಂದು ಮಾನವ ಹಕ್ಕುಗಳ ಉಪಮಂತ್ರಿ ಎಂಬುದೂ ನಿಜ. ಆದರೆ ಓಟು ಅಧಿಕಾರ ಕೊಡುತ್ತದೆ, ತೀರ್ಪು ಕೊಡುವುದಿಲ್ಲ. ಬಹುಮತದಿಂದ ಕಾನೂನು ಬದಲಿಸಬಹುದು. ಹೆಣ ಎಲ್ಲಿದೆಯೆಂಬ ಪ್ರಶ್ನೆಗೆ ಉತ್ತರ ಬದಲಿಸಲಾಗದು. ಕ್ಷಮೆಯ ಮಾತಾದರೋ, ಬದುಕಿ ಬಂದವನು ತನ್ನ ಪಾಲಿನದನ್ನು ಕ್ಷಮಿಸಬಹುದು. ಬಾರದವನ ಪಾಲಿನದನ್ನು ಕ್ಷಮಿಸುವ ಹಕ್ಕು ಉಪಮಂತ್ರಿಗಿಲ್ಲ.

೨೦೨೪ರ ಅಕ್ಟೋಬರ್ ೨೦ರಂದು ಜನರಲ್ ಸಾಹೇಬರು ರಾಷ್ಟ್ರಾಧ್ಯಕ್ಷರಾಗಿ ಪ್ರಮಾಣ ಸ್ವೀಕರಿಸಿದರು. ಮರುದಿನವೇ, ನಾವು ಮೇಲೆ ಹೇಳಿದ ಆ ಸ್ರಿತೆಕ್ಸ್ ಗಿರಣಿ ದಿವಾಳಿಯೆಂದು ನ್ಯಾಯಾಲಯ ಸಾರಿತು. ತಮ್ಮ ದೇಶದ ಸೈನಿಕರಿಗೂ ಪರದೇಶಗಳ ಸೈನ್ಯಗಳಿಗೂ ಸಮವಸ್ತ್ರ ನೇಯ್ದು ಹೊಲಿದು ಕೊಟ್ಟ ಗಿರಣಿ ಅದು. ಗಿರಣಿ ಉಳಿಸಲು ಮಂತ್ರಿಗಳಿಗೆ ಅಪ್ಪಣೆಯಾಗಿದೆ, ಕೆಲಸ ಹೋಗುವುದಿಲ್ಲ ಎಂಬ ಭರವಸೆ ಬಂತು. ೨೦೨೫ರ ಮಾರ್ಚ್ ಒಂದಕ್ಕೆ ಬಾಗಿಲು ಮುಚ್ಚಿತು. ಹತ್ತು ಸಾವಿರಕ್ಕೂ ಹೆಚ್ಚು ಜನ ಬೀದಿಗೆ ಬಿದ್ದರು. ಅದೇ ತಿಂಗಳ ೨೦ರಂದು ಸಂಸತ್ತು ಸೈನ್ಯದ ಕಾನೂನನ್ನು ತಿದ್ದಿ, ಸೇವೆಯಲ್ಲಿರುವ ಅಧಿಕಾರಿಗಳು ಕೂರಬಹುದಾದ ನಾಗರಿಕ ಇಲಾಖೆಗಳನ್ನು ೧೦ರಿಂದ ೧೪ಕ್ಕೆ ಏರಿಸಿತು. ನೇಕಾರನಿಗೆ ಕೆಲಸವಿಲ್ಲ, ಜನರಲ್ಲನಿಗೆ ಎರಡೆರಡು ಕೆಲಸ!

ಆಗಸ್ಟಿನಲ್ಲಿ ಸಂಸತ್ ಸದಸ್ಯರು ತಮಗೆ ತಿಂಗಳಿಗೆ ೫ ಕೋಟಿ ರೂಪಿಯಾ ಮನೆ ಬಾಡಿಗೆ ಭತ್ಯೆ ಪಡೆಯುತ್ತಿರುವುದು ಬಯಲಾಯಿತು. ಅದು ಜಕಾರ್ತದ ಕಾರ್ಮಿಕನ ಕನಿಷ್ಠ ಸಂಬಳದ ಸುಮಾರು ಒಂಬತ್ತರಷ್ಟು. ಜನ ಬೀದಿಗೆ ಬಂದಾಗ, ಬಾಡಿಗೆ ಮೋಟಾರ್ ಸೈಕಲ್ ಓಡಿಸಿ ಬದುಕುತ್ತಿದ್ದ ೨೧ ವರ್ಷದ ಹುಡುಗನೊಬ್ಬ ಪೊಲೀಸರ ಕವಚದ ಗಾಡಿಯಡಿ ಸಿಕ್ಕು ಸತ್ತ.

ಕೊನೆಗೆ ೨೦೨೫ರ ನವೆಂಬರ್ ೧೦. ಅಂದು ಅಧ್ಯಕ್ಷ ಪ್ರಬೋವೊ ‘ರಾಷ್ಟ್ರವೀರ’ ಬಿರುದುಗಳನ್ನು ಪ್ರದಾನ ಮಾಡಿದರು. ಪಡೆದವರಲ್ಲಿ ಒಬ್ಬಳು ಮಾರ್ಸಿನಾ. ಪೂರ್ವ ಜಾವಾದ ಕೈಗಡಿಯಾರದ ಕಾರಖಾನೆಯ ಹೆಣ್ಣಾಳು. ೧೯೯೩ರ ಮೇ ತಿಂಗಳಲ್ಲಿ, ದಿನಗೂಲಿಯನ್ನು ೧,೭೦೦ರಿಂದ ೨,೨೫೦ ರೂಪಿಯಾಕ್ಕೆ ಏರಿಸಿ ಎಂದು ಅಲ್ಲಿ ಮುಷ್ಕರವಾಯಿತು. ೧೩ ಮಂದಿ ಕೆಲಸಗಾರರನ್ನು ಜಿಲ್ಲೆಯ ಸೈನಿಕ ಕಚೇರಿಗೆ ಕರೆಸಿ ರಾಜೀನಾಮೆ ಬರೆಸಿಕೊಂಡರು. ಮಾರ್ಸಿನಾ ಅವರ ಪರವಾಗಿ ಕೇಳಲು ಹೋದಳು. ಅಂದು ರಾತ್ರಿ ಕಾಣೆಯಾದಳು. ಕೆಲವು ದಿನಗಳಲ್ಲಿ ಹೆಣ ಸಿಕ್ಕಿತು. ವಯಸ್ಸು ೨೪. ಕೊಂದವರಾರೆಂಬುದು ಇಂದಿಗೂ ನ್ಯಾಯಾಲಯದಲ್ಲಿ ಸಿದ್ಧವಾಗಿಲ್ಲ. ಈ ಕೊಲೆಯನ್ನು ಪ್ರಬೋವೊ ಅವರ ತಲೆಗೆ ನಾವು ಕಟ್ಟುತ್ತಿಲ್ಲ. ನಮ್ಮ ಪ್ರಶ್ನೆ ಬೇರೆ. ಅದೇ ದಿನ, ಅದೇ ಸಭೆಯಲ್ಲಿ ಅದೇ ‘ರಾಷ್ಟ್ರವೀರ’ ಬಿರುದು ಪಡೆದ ಇನ್ನೊಬ್ಬರು ಜನರಲ್ ಸುಹಾರ್ತೊ! ಕೂಲಿ ಕೇಳಿದವಳೂ ವೀರಳು. ಕೂಲಿ ಕೇಳಿದವರನ್ನು ಸೈನಿಕ ಕಚೇರಿಗೆ ಕರೆಸುವ ರಾಜ್ಯವನ್ನು ಕಟ್ಟಿ ಆಳಿದವನೂ ವೀರ! ಸತ್ತ ಕಾರ್ಮಿಕಳಿಗೆ ಬಿರುದು ಕೊಡುವುದು ಸುಲಭ, ಆಕೆ ಮತ್ತೆ ಮುಷ್ಕರ ಹೂಡುವುದಿಲ್ಲ. ಮಾವನಿಗೆ ಕೊಡಬೇಕೆಂದಿದ್ದ ಬಿರುದು ನುಂಗಲು ಸುಲಭವಾಗಲೆಂದು ಮಾರ್ಸಿನಾಳ ಹೆಸರನ್ನು ಬೆಲ್ಲದಂತೆ ಬಳಸಿದರೆಂದೇ ನಾವು ಹೇಳುತ್ತೇವೆ.

ನಮ್ಮ ದೇಶದಲ್ಲಿ ಇದುವರೆಗೆ ಯಾವ ಜನರಲ್ಲನೂ ರಕ್ಷಣಾಮಂತ್ರಿಯಾಗಿಲ್ಲ. ಪ್ರಬೋವೊ ಕೊಸ್ತ್ರಾದ್ ಅಧಿಪತಿಯಾದ ಅದೇ ೧೯೯೮ರ ಮಾರ್ಚಿನಲ್ಲಿ ದೆಹಲಿಯಲ್ಲಿ ಆ ಪದವಿಗೆ ಬಂದವರು ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಕಾರ್ಮಿಕಸಂಘ ಕಟ್ಟಿದ ಜಾರ್ಜ್ ಫರ್ನಾಂಡಿಸರು. ಇದು ನಮ್ಮ ಗಣರಾಜ್ಯ ಗಳಿಸಿದ ಒಳ್ಳೆಯ ಪದ್ಧತಿ. ಆದರೆ ಪದ್ಧತಿಯೊಂದರಿಂದಲೇ ಬಾಗಿಲು ಭದ್ರವಾಗುವುದಿಲ್ಲ. ಇಂಡೋನೇಷ್ಯದಲ್ಲಿ ಬಾಗಿಲು ತೆರೆದವನು ಜನರಲ್ಲನಲ್ಲ, ಓಟು ಪಡೆದ ನಾಗರಿಕ. ಸಮವಸ್ತ್ರ ಕಂಡೊಡನೆ ಪ್ರಶ್ನೆ ಕೇಳುವುದು ದ್ರೋಹವೆಂಬ ಭಾವನೆ, ಲಂಚಕೋರ ರಾಜಕಾರಣಿಗಿಂತ ಗಟ್ಟಿ ಕೈಯ ಸಿಪಾಯಿಯೇ ಮೇಲೆಂಬ ಚಹದಂಗಡಿಯ ಮಾತು, ಹಳೆಯ ಕಡತ ತೆರೆದರೆ ಅಶಾಂತಿಯಾದೀತೆಂಬ ನೆಪ — ಇವು ಮೂರೂ ನಮ್ಮ ಊರಿನಲ್ಲಿಯೂ ಕೇಳಿಬರುತ್ತವೆ. ಗಡಿಯಲ್ಲಿ ನಿಂತ ಸಿಪಾಯಿ ರೈತನ ಮಗ, ಕಾರ್ಮಿಕನ ತಮ್ಮ. ಅವನ ಮೇಲೆ ನಮಗೆ ಗೌರವವಿದೆ. ಅವನ ಹೆಸರು ಹೇಳಿ ಲೆಕ್ಕ ಕೊಡದೆ ತಪ್ಪಿಸಿಕೊಳ್ಳುವವರ ಮೇಲೆ ಇಲ್ಲ.

ಆದುದರಿಂದ ನಾವು ಹೇಳುವುದಿಷ್ಟು. ರಕ್ಷಣೆಯ ಹಣದ ಲೆಕ್ಕ ಸಂಸತ್ತಿನಲ್ಲಿ ಬಿಡಿಬಿಡಿಯಾಗಿ ಚರ್ಚೆಯಾಗಬೇಕು. ಸಮವಸ್ತ್ರದಲ್ಲಿ ಅಪರಾಧ ಮಾಡಿದವನ ವಿಚಾರಣೆ ಜನರ ನ್ಯಾಯಾಲಯದಲ್ಲಿ ಬಹಿರಂಗವಾಗಿ ನಡೆಯಬೇಕು. ಅಪ್ಪಣೆ ಕೊಟ್ಟವನು ಅಪ್ಪಣೆ ಪಾಲಿಸಿದವನಿಗಿಂತ ಮುಂಚೆ ಕಟಕಟೆಗೆ ಬರಬೇಕು. ದೆಹಲಿಗೆ ಯಾರನ್ನು ಅತಿಥಿಯಾಗಿ ಕರೆದರೂ ಅವರ ಚರಿತ್ರೆಯನ್ನು ನಮ್ಮ ಜನರಿಗೆ ಹೇಳುವ ಧೈರ್ಯ ಪತ್ರಿಕೆಗಳಿಗಿರಬೇಕು.

ಜಕಾರ್ತದಲ್ಲಿ ೨೦೦೭ರ ಜನವರಿಯಿಂದ ಪ್ರತಿ ಗುರುವಾರ ಸಂಜೆ, ಮಕ್ಕಳನ್ನು ಕಳೆದುಕೊಂಡವರು ಅಧ್ಯಕ್ಷರ ಅರಮನೆಯೆದುರು ಕರಿ ಬಟ್ಟೆ ತೊಟ್ಟು, ಕರಿ ಛತ್ರಿ ಹಿಡಿದು ಮೌನವಾಗಿ ನಿಲ್ಲುತ್ತ ಬಂದಿದ್ದಾರೆ. ಅರಮನೆಯ ಒಳಗೆ ಮೂರನೆಯ ಅಧ್ಯಕ್ಷರು ಬಂದಿದ್ದಾರೆ. ಹೊರಗಿನ ಪ್ರಶ್ನೆ ಬದಲಾಗಿಲ್ಲ. ಈ ವಾರ ನಿಮ್ಮ ಸಂಘದ ಕಚೇರಿಯಲ್ಲಿ, ವರ್ತಕರ ಕಟ್ಟೆಯಲ್ಲಿ ಈ ಲೇಖನವನ್ನು ಓದಿ ಚರ್ಚಿಸಿರಿ, ಓದು ಬಾರದ ಬಂಧುಗಳಿಗೆ ಓದಿ ಹೇಳಿರಿ. ಹದಿಮೂರು ಮಂದಿ ಎಲ್ಲಿ ಎಂದು ಆ ತಾಯಂದಿರು ಕೇಳುತ್ತಿದ್ದಾರೆ. ಅದನ್ನು ನಾವೂ ಅವರೊಡನೆ ಕೇಳುತ್ತೇವೆ.